ಚೌಳಿನಲ್ಲಿ ಬಿಗಿದ ಉಸಿರು

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಬೆಳ್ಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಭರಮ, ಸಂಕವ್ವ ಎಂಬ ಅಣ್ಣ ತಂಗಿ ಅರಮನೆಯ ಬಟ್ಟೆ ಒಗೆದು ಬದುಕುತ್ತಿದ್ದರು. ಅದೇ ರಾಜ್ಯದ ಗವಿಯೊಂದರಲ್ಲಿ ಉರಿಗಣ್ಣನೆಂಬ ಮಾಂತ್ರಿಕನಿದ್ದ. ಜನರ ಉಸಿರು ಕದಿಯುವುದೇ ಅವನ ಕಸುಬು. ಕದ್ದಷ್ಟೂ ಅವನು ಉಬ್ಬುತ್ತಿದ್ದ. ಒಂದು ದಿನ ಭರಮನ ಉಸಿರನ್ನೂ ಕದ್ದ. ಭರಮ ಹೊಳೆದಂಡೆಯಲ್ಲಿ ಕೊರಡಿನಂತೆ ಬಿದ್ದ.

ಸಂಕವ್ವ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಬುತ್ತಿ ಕಟ್ಟಿಕೊಂಡು ಗವಿಗೆ ನಡೆದಳು. ಬಾಗಿಲಲ್ಲಿದ್ದ ಎರಡು ತಲೆಯ ಹುಲಿ ಸುಮ್ಮನೆ ದಾರಿ ಬಿಟ್ಟಿತು. ಒಳಗೆ ಹೋದವರು ಹೊರಗೆ ಬರುವುದಿಲ್ಲವೆಂದು ಅದಕ್ಕೆ ಗೊತ್ತಿತ್ತು. ಸಂಕವ್ವ ಒಳಗೆ ಹೋಗಿ ಅಣ್ಣನ ಉಸಿರು ಕೊಡೆಂದು ಕೇಳಿದಳು.

"ಮೂರು ಗಡಿಗಿ ಅದಾವು," ಎಂದ ಉರಿಗಣ್ಣ. "ನಾ ಕದ್ದ ಉಸಿರೆಲ್ಲ ಒಂದರಾಗೈತಿ, ನಿಮ್ಮಣ್ಣಂದೂ ಸೇರಿ. ಹೊತ್ತು ಮುಳುಗೋದ್ರಾಗ ಬಿಡಿಸು. ತಪ್ಪು ಗಡಿಗಿ ಹಿಡಿದ್ಯೋ, ನಿನ್ನ ಉಸಿರೂ ನಂದು."

ಮೊದಲ ಗಡಿಗೆ ಒಲೆಯ ಮೇಲೆ ಗುಳುಗುಳು ಗುಳ್ಳೆ ಬಿಡುತ್ತಿತ್ತು. ಇದರಲ್ಲೇ ಉಸಿರಿದೆಯೇನೋ ಎಂದು ಸಂಕವ್ವ ಬಗ್ಗಿ ನೋಡಿದಳು. ಕಟ್ಟಿಗೆ ಹಿಂದಕ್ಕೆಳೆದಳು. ಗುಳ್ಳೆ ನಿಂತವು.

"ಇದು ಉಸಿರಲ್ಲ. ನೀರೇ ಕಾದು ಹಬೆಯಾಗಿ ಏಳತಿತ್ತು."

ಎರಡನೆಯದರಲ್ಲಿ ಅಂಟುವಾಳದ ನೊರೆ ರಾಶಿರಾಶಿ. ಸಂಕವ್ವ ಕಾದಳು. ಹೊತ್ತು ಇಳಿಯುತ್ತಿತ್ತು. ಒಂದೂ ಹೊಸ ಗುಳ್ಳೆ ಹುಟ್ಟಲಿಲ್ಲ.

"ಕಡೆದು ಹೊರಗಿನ ಗಾಳಿ ತುಂಬೀಯಪ್ಪ. ಇದೂ ಅಲ್ಲ."

ಮೂರನೆಯದರಲ್ಲಿ ಒಂದು ಗುಳ್ಳೆಯೂ ಇಲ್ಲ. ಬೆರಳು ಅದ್ದಿದಳು, ಜಾರಿತು. ಚೌಳು ಮಣ್ಣಿನ ನೀರು! ದಿನವೂ ಬಟ್ಟೆ ನೆನೆಸುವ ನೀರು. ಚೌಳಿಗೆ ಹುಳಿ ಬೀಳಬಾರದು ಎನ್ನುವುದು ಮಡಿವಾಳರ ಮನೆಯ ಮೊದಲ ಪಾಠ. ಬಿದ್ದರೆ ಬುಸುಗುಟ್ಟಿ ಸತ್ವ ಕಳೆದುಕೊಳ್ಳುತ್ತದೆ, ಆಮೇಲೆ ಕೊಳೆ ಬಿಡಿಸುವುದಿಲ್ಲ. ಚಿಕ್ಕಂದಿನಲ್ಲಿ ಹುಣಸೆ ರಸ ಚೆಲ್ಲಿ ಅಣ್ಣನಿಂದ ಬೈಸಿಕೊಂಡಿದ್ದಳು. ಹಾಗಾದರೆ ಆ ಬುಸುಗುಟ್ಟಿದ್ದೇನು? ಒಳಗೆ ಬಿಗಿದಿದ್ದ ಗಾಳಿಯೇ ಅಲ್ಲವೇ?

ಅವಳು ಬುತ್ತಿಯಿಂದ ಹುಣಸೆಹಣ್ಣು ತೆಗೆದಳು. ಉರಿಗಣ್ಣ ದಡಕ್ಕನೆ ಎದ್ದ. "ಮಡಿವಾಳರ ಮಗಳಾಗಿ ಚೌಳಿಗೆ ಹುಳಿ ಹಾಕ್ತೀಯಾ? ನಿಮ್ಮಣ್ಣ ಏನಂದಾನು?"

"ಬೈಲಿ ಬಿಡು. ಬೈಯಾಕರೆ ಅವ ಬದುಕಬೇಕಲ್ಲ!"

ಹಿಂಡಿದಳು. ಬುಸ್ಸೆಂದು ನೊರೆ ಉಕ್ಕಿತು. ಒಲೆಯಿಲ್ಲ, ಕಡೆಗೋಲಿಲ್ಲ, ಹುಳಿ ತಾಗಿದಲ್ಲೆಲ್ಲ ಚೌಳು ತಾನು ಬಿಗಿಹಿಡಿದ ಗಾಳಿಯನ್ನು ಬಿಟ್ಟುಕೊಟ್ಟಿತು. ಒಡೆದ ಒಂದೊಂದು ಗುಳ್ಳೆಯಿಂದ ಒಬ್ಬೊಬ್ಬರ ಉಸಿರು ಹೊರಟು ಊರ ಕಡೆ ಹಾರಿತು. ಉರಿಗಣ್ಣ ತೂತುಬಿದ್ದ ತಿದಿಯಂತೆ ಕುಗ್ಗಿ ಕುಗ್ಗಿ ಹಿಡಿ ಬೂದಿಯಾದ.

ಹೊಳೆದಂಡೆಯಲ್ಲಿ ಭರಮ ಕೆಮ್ಮಿ ಎದ್ದು ಕೂತ. ಓಡಿ ಬಂದ ತಂಗಿಯ ಕೈ ಮೂಸಿ ನೋಡಿ, "ಮತ್ತ ಚೌಳಿಗೆ ಹುಳಿ ಹಾಕಿದೇನ?" ಎಂದು ಗದರಿದ. ಸಂಕವ್ವ ನಗುತ್ತ ನಗುತ್ತಲೇ ಅತ್ತಳು. ಉಸಿರು ಮರಳಿ ಬಂದ ಊರೆಲ್ಲ ಸುಖವಾಗಿತ್ತು. ಅಣ್ಣನ ಬೈಗುಳ ಕೇಳುತ್ತ ಕೂತ ಅವಳು ಎಲ್ಲರಿಗಿಂತ ಸುಖವಾಗಿದ್ದಳು.