ಮರದ ಆಚೆ ಬದಿಯ ಕೈ

ದೆವ್ವ ಗಿವ್ವ ಅಂದರೆ ನಗುವ ಜಾತಿ ನನ್ನದು. ಆದರೂ ಇದು ನಡೆದದ್ದು.

ಗರಗಸದ ಬಾಯಿಂದ ಹಳೆಯ ಕಾಡೊಂದನ್ನು ಉಳಿಸಿಕೊಂಡ ನಮ್ಮ ಸಂಘದಲ್ಲಿ ಒಂದು ರೂಢಿಯಿದೆ. ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿನ ಹಿರಿಯ ಮರಕ್ಕೆ ಕೆನ್ನೆಯೊತ್ತಿ, ಕೈಗೆ ಕೈ ಹಿಡಿದು ಕಾಂಡವನ್ನು ಸುತ್ತುವರಿಯುತ್ತೇವೆ. ನಾನು ಬಲಗಡೆಯವರ ಕೈಯನ್ನು ಮೆಲ್ಲಗೆ ಅಮುಕುತ್ತೇನೆ. ಅದು ಕೈಯಿಂದ ಕೈಗೆ ದಾಟಿ ನನ್ನ ಎಡಗೈಗೆ ಮರಳಬೇಕು.

ಈ ಸಲ ಬಂದವರು ಬೆರಳೆಣಿಕೆಯಷ್ಟು. "ಸುತ್ತು ಕೂಡದಿದ್ರೆ ಸಂಘಕ್ಕೆ ಬೀಗ ಹಾಕೋಣ," ಎಂದರು ಟೈಲರ್ ಅಕ್ಕ.

ಮಟಮಟ ಮಧ್ಯಾಹ್ನ. ಆದರೂ ನನ್ನ ಎಡಗೈ ಹಿಡಿದ ಕೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಮುಖ ಕಾಂಡದ ಮರೆಯಲ್ಲಿತ್ತು. ನನ್ನ ಎಡಕ್ಕೆ ಹೋಗಿ ನಿಂತಿದ್ದ ಅತ್ತಿಗೆ ಇರಬೇಕು ಅಂದುಕೊಂಡು ಬಲಗೈ ಅಮುಕಿದೆ. ಸ್ವಲ್ಪ ಹೊತ್ತಿಗೆ ಎಡಗೈಯನ್ನು ಯಾರೋ ಮೆಲ್ಲಗೆ ಅಮುಕಿದರು.

"ಬಂತು, ಸಂಘ ಉಳೀತು," ಎಂದು ಕೂಗಿದೆ. ಎಲ್ಲರೂ ಕೈಬಿಟ್ಟು ನನ್ನ ಬೆನ್ನ ಹಿಂದೆ ಬಂದು ನಿಂತರು.

"ಅದ್ಹೇಗೆ ಬರುತ್ತೆ?" ಎಂದರು ಅತ್ತಿಗೆ. "ನಿನ್ನ ಕೈ ನಂಗೆ ಎಟುಕಲೇ ಇಲ್ಲ ಕಣೋ."

ತಿರುಗಿ ಒಬ್ಬೊಬ್ಬರನ್ನೇ ನೋಡಿದೆ. ಬಂದವರೆಲ್ಲ ಅಲ್ಲೇ ಇದ್ದರು. ಕಾಂಡದ ಆಚೆ ನನ್ನ ಎಡಗೈಯನ್ನು ಮಾತ್ರ ಯಾರೋ ಇನ್ನೂ ಬಿಟ್ಟಿರಲಿಲ್ಲ.