ಹದಿನಾರು ಓಮಿನ ಜೋಡಿ

“ಶ್! ಅಲ್ಲೇ ನಿಲ್ಲಿ! ಉಸಿರೂ ಬಿಡಬೇಡಿ!”

ಬಾಗಿಲಲ್ಲಿ ಯಾರೋ ಬಂದರು ಎಂಬುದಷ್ಟೇ ಅವಳಿಗೆ ತಿಳಿದದ್ದು. ತಲೆ ಎತ್ತಲಿಲ್ಲ. ಮೇಜಿನ ಮೇಲೆ ಅಂಗಾತ ಮಲಗಿಸಿದ್ದ ಸ್ಪೀಕರಿಗೆ ಕಿವಿ ತಾಗುವಷ್ಟು ಬಗ್ಗಿ, ಅದರ ಕಾಗದದ ಕೋನನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿ ಬಿಡುತ್ತಿದ್ದಳು. ಒಳಗಿನ ತಂತಿಸುರುಳಿ ಮ್ಯಾಗ್ನೆಟ್ಟಿಗೆ ಕೂದಲೆಳೆಯಷ್ಟು ಉಜ್ಜಿದರೂ ಸಾಕು, ನಾಲ್ಕು ದಿನದ ಕೆಲಸ ನೀರಿನಲ್ಲಿ ಹೋಮ.

ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು.

ಇಲ್ಲ... ಉಜ್ಜುತ್ತಿಲ್ಲ!

“ಗೆದ್ದೆ!” ಎಂದು ತಲೆ ಎತ್ತಿದವಳು ಹಾಗೇ ನಿಂತುಬಿಟ್ಟಳು.

ಬಾಗಿಲಲ್ಲಿ ಒಬ್ಬ ಯುವಕ. ಹೆಗಲ ಮೇಲೆ ಎರಡು ಸ್ಪೀಕರಿನ ದೊಡ್ಡ ಕ್ಯಾಬಿನೆಟ್, ಬೆನ್ನಿಗೆ ಗಿಟಾರ್. ಕುತ್ತಿಗೆಯ ನರ ಉಬ್ಬಿತ್ತು, ಮುಖ ಕೆಂಪಾಗಿತ್ತು. ಆದರೂ ಕಲ್ಲಿನ ಹಾಗೆ ನಿಂತಿದ್ದ.

“ಅಯ್ಯೋ! ಅದನ್ನ ಕೆಳಗಿಡಬಾರದಿತ್ತಾ?”

“ನೀವೇ... ಅಲ್ಲೇ ನಿಲ್ಲಿ ಅಂದ್ರಲ್ಲ.” ಅವನು ಹಲ್ಲು ಕಚ್ಚಿಕೊಂಡೇ ಹೇಳಿದ. “ಈಗ ಉಸಿರು ಬಿಡ್ಲಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಸೇರಿ ಪೆಟ್ಟಿಗೆ ಇಳಿಸಿದರು. ಇಳಿಸುವಾಗ ಅವನ ಕೈ ಅವಳ ಕೈಗೆ ಅಂಟಿತು. ನಿಜವಾಗಿಯೂ ಅಂಟಿತು!

“ಸಾರಿ, ಗೋಂದು,” ಎಂದು ಅವಳು ಬೆರಳು ಬಿಡಿಸಿಕೊಂಡಳು. ಎದೆ ಮಾತ್ರ ಯಾಕೋ ಸ್ವಲ್ಪ ಹೊತ್ತು ತಾಳ ತಪ್ಪಿಯೇ ಬಡಿಯಿತು.

“ಗೋಂದೂ, ಯಾರೇ ಅದು?” ಒಳಗಿನಿಂದ ಮಾವನ ದನಿ.

ಯುವಕ ಕಣ್ಣರಳಿಸಿದ. “ನಿಮ್ಮ ಹೆಸರೇ ಗೋಂದಾ?”

“ಮಾವ ಇಟ್ಟಿದ್ದು. ನೀವು ಕರೆದ್ರೆ ಪೆಟ್ಟಿಗೆ ವಾಪಸ್ ಹೆಗಲ ಮೇಲೆ!”

ಅಮ್ಮನ ತಮ್ಮನಾದ ಈ ಮಾವನ ಅಂಗಡಿಗೆ ಅವಳು ಬಂದು ಆರು ವರ್ಷ. ಹರಿದ ಕೋನು ಕಿತ್ತು ಹೊಸದನ್ನು ಅಂಟಿಸುವುದು ಅವಳ ಕೆಲಸ. ಯಾವ ಸ್ಪೀಕರಿನ ಪಕ್ಕ ಯಾವುದು ಕೂರಬೇಕೆಂದು ಆರಿಸುವುದು ಮಾವನ ಕೆಲಸ. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಆದರೆ ಒಂದು ವರ್ಷದಿಂದ ಅವರ ಎಡಗಿವಿ ಮಂದವಾಗುತ್ತಿತ್ತು. ಅದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ಮಾವನಿಗೂ ಗೊತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಯುವಕ ಲಿಫ್ಟ್ ಮೆಕ್ಯಾನಿಕ್. ಭಾನುವಾರ ಮಾತ್ರ ಗಿಟಾರ್.

“ಬಲಗಡೆ ಸ್ಪೀಕರ್ ಹರಿದುಹೋಗಿದೆ. ಮುಂದಿನ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ಎಡಗಡೆದು ಯಾವ ಕಂಪನಿನೋ ಅದೇ ಕಂಪನಿ, ಅದೇ ಮಾಡೆಲ್ ಹಾಕಿಕೊಡಿ.”

“ಮೊದಲು ನುಡಿಸಿ. ಉಳಿದಿರೋದು ಏನ್ ಹೇಳುತ್ತೆ ಕೇಳೋಣ.”

ಆ ಅಂಗಡಿಗೆ ಬರುವ ಗಿಟಾರಿನವರೆಲ್ಲ ಒಂದು ಉಸಿರಿಗೆ ನೂರು ಸ್ವರ ಸುರಿಯುವವರು. ಇವನು ಒಂದೇ ಒಂದು ಸ್ವರ ಮೀಟಿದ. ಆಮೇಲೆ ಅದು ಸಣ್ಣಗಾಗಿ, ಗೋಡೆಗೆ ಸೇರಿ, ಪೂರ್ತಿ ಇಲ್ಲವಾಗುವವರೆಗೆ ತಲೆ ವಾಲಿಸಿಕೊಂಡು ಕಾದ. ಎರಡನೆಯದನ್ನು ಮೀಟುವ ಆತುರವೇ ಇಲ್ಲ!

ಇಷ್ಟು ಮರ್ಯಾದೆಯಿಂದ ಒಂದು ಸ್ವರವನ್ನ ಕಳಿಸಿಕೊಡೋರು ಇದ್ದಾರಾ... ಅವಳು ಮನಸ್ಸಿನಲ್ಲೇ ಅಂದುಕೊಂಡಳು.

“ನಡುಸ್ವರ ಚೆನ್ನಾಗಿದೆ,” ಎಂದಳು. “ಸ್ವಲ್ಪ ಮೂಗಲ್ಲಿ ಮಾತಾಡುತ್ತೆ. ಮಂದ್ರ ಕಡಿಮೆ. ಅದೇ ಥರದ್ದು ಇನ್ನೊಂದು ಹಾಕಿದ್ರೆ ಎರಡು ಮೂಗು ಆಗುತ್ತೆ ಅಷ್ಟೇ. ಬೇರೆ ಥರದ್ದು ಬೇಕು.”

“ಬೇರೆ ಬೇರೆ ಹಾಕಿದ್ರೆ ಜಗಳ ಆಡಲ್ವಾ?”

“ಅದಕ್ಕೇ ತಾನೇ ಆರಿಸೋದು?”

ಮಾವ ಬಲಗಿವಿಗೆ ಅಂಗೈ ಅಡ್ಡಹಿಡಿದು ಒಳಬಾಗಿಲಲ್ಲಿ ನಿಂತಿದ್ದರು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವರು ಮುಂದೆ ಬರಲಿಲ್ಲ.

“ಇದರ ಜೋಡಿ ನೀನೇ ನೋಡು. ಭಾನುವಾರ ನಾನು ಬಂದು ಕೇಳ್ತೀನಿ. ಸರಿ ಬಂದ್ರೆ... ಇನ್ಮೇಲೆ ಅಂಗಡಿಯ ಜೋಡಿಗಳೆಲ್ಲ ನಿನ್ನ ಕಿವಿಗೆ.”

ಆರು ವರ್ಷ ಕಾದಿದ್ದ ಮಾತು!

ಮರುದಿನದಿಂದ ಯುವಕ ಊಟದ ಬಿಡುವಿನಲ್ಲಿ ಬರತೊಡಗಿದ. ಅವನು ನುಡಿಸುವುದು, ಅವಳು ಕೇಳುವುದು.

ಮೊದಲು ಒಂದು ಹೊಸ ಸ್ಪೀಕರ್ ಕೂರಿಸಿದಳು. ಎರಡು ನಿಮಿಷಕ್ಕೇ ತೆಗೆದಳು.

“ಯಾಕೆ? ಚೆನ್ನಾಗೇ ಇತ್ತಲ್ಲ.”

“ಒಂದೇ ಪವರ್ ಕೊಟ್ರೂ ಇದು ಜೋರಾಗಿ ಕೂಗುತ್ತೆ. ನಿಮ್ಮದು ಬಾಯಿ ತೆರೆಯೋಕೇ ಬಿಡಲ್ಲ.”

“ಓ... ನಮ್ಮ ಡ್ರಮ್ಮಿನವನ ಥರ.”

ಇನ್ನೊಂದರ ದನಿ ಇಂಪಾಗಿತ್ತು. ಆದರೆ ಅದು ಎಂಟು ಓಮಿನದು. ಅವನ ಸ್ಪೀಕರ್ ಹದಿನಾರರದು.

“ಹದಿನಾರರ ಪಕ್ಕ ಎಂಟು ಹಾಕಿದ್ರೆ ಭಾರ ಸಮ ಹಂಚಲ್ಲ. ಎಂಟರದ್ದೇ ಹೆಚ್ಚು ಎಳೆದುಕೊಳ್ಳುತ್ತೆ, ಬೇಗ ಸುಡುತ್ತೆ. ಹದಿನಾರು, ಹದಿನಾರು ಪ್ಯಾರಲಲ್ ಆಗಿ ಸೇರಿದ್ರೆ ತಡೆ ಅರ್ಧ ಆಗಿ, ನಿಮ್ಮ ಆಂಪ್ಲಿಫೈಯರಿಗೆ ಬೇಕಾದ ಎಂಟು ಸಿಗುತ್ತೆ.”

ಅವನು ಅವಳನ್ನೇ ನೋಡುತ್ತಿದ್ದ. “ನಿಮಗೆ ಲಿಫ್ಟ್ ಕೊಟ್ರೂ ಸರಿಮಾಡ್ತೀರಿ ಬಿಡಿ.”

ಹೊಗಳಿಕೆಗೆ ಸೊಪ್ಪು ಹಾಕುವವಳಲ್ಲ ಅವಳು. ಆದರೂ ಅವತ್ತು ಒಂದೇ ಸ್ಕ್ರೂವನ್ನು ಮೂರು ಸಲ ಬಿಗಿಮಾಡಿದಳು!

ಶುಕ್ರವಾರ ಕಪಾಟಿನ ಮೇಲ್ಸಾಲಿನಿಂದ ತನ್ನದೇ ಒಂದನ್ನು ಇಳಿಸಿದಳು. ಅವನು ಬಂದ ಮೊದಲ ದಿನ ಅವಳು ಕಿವಿಯಿಟ್ಟು ಪರೀಕ್ಷಿಸುತ್ತಿದ್ದ ಸ್ಪೀಕರ್. ದೊಡ್ಡ ಮ್ಯಾಗ್ನೆಟ್ಟಿನ ಹಳೆಯ ಹದಿನಾರು ಓಮಿನದು, ಕೋನು ಅವಳೇ ಅಂಟಿಸಿದ್ದು. ಅದಕ್ಕೊಂದು ತಿಕ್ಕಲುತನವಿತ್ತು. ಎಲ್ಲ ಸ್ಪೀಕರಿನಲ್ಲೂ ತಂತಿ ಬೆಸೆಯುವ ಕೆಂಪು ಬದಿಗೆ ಸೆಲ್ಲಿನ ಪ್ಲಸ್ ಮುಟ್ಟಿಸಿದರೆ ಕೋನು ಮುಂದಕ್ಕೆ ಬರುತ್ತದೆ, ಇದರದು ಹಿಂದಕ್ಕೆ ಹೋಗುತ್ತದೆ. ಮಾಡಿದವರೇ ಹಾಗೆ ಮಾಡಿದ್ದರು. ಎರಡರಲ್ಲಿ ಒಂದು ಮುಂದೆ, ಒಂದು ಹಿಂದೆ ಹೋದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಮಂದ್ರವೆಲ್ಲ ಮಾಯ. ಅದಕ್ಕೇ ಅವಳು ಬೇಕೆಂದೇ ಕೆಂಪು ತಂತಿಯನ್ನು ಅದರ ಕಪ್ಪು ಬದಿಗೆ ಬೆಸೆದಳು.

ಅವನು ದಪ್ಪ ತಂತಿಯನ್ನು ಮೀಟಿದ.

ನೆಲದಿಂದಲೇ ಎದ್ದುಬಂದಂತೆ ಸ್ವರ ಏರಿತು. ಹಳೆಯದರ ಮಂದ್ರ ಕೆಳಗೆ ಹಾಸಿಕೊಂಡಿತು, ಅವನದರ ನಡು ಅದರ ಮೇಲೆ ನಡೆದುಹೋಯಿತು. ಯಾವುದು ಎಲ್ಲಿ ಮುಗಿದು ಯಾವುದು ಶುರುವಾಯಿತೋ ಹೇಳುವಂತಿರಲಿಲ್ಲ.

“ಇದು... ನನ್ನ ಗಿಟಾರಾ?”

“ಇಷ್ಟು ದಿನ ಅರ್ಧ ಕೇಳ್ತಿದ್ರಿ,” ಎಂದಳು ಅವಳು. ಕಣ್ಣು ತುಂಬಿಬಂದದ್ದು ಕಾಣದಿರಲೆಂದು ಬಗ್ಗಿ ಹಿಂಬದಿಯ ಹಲಗೆ ಮುಚ್ಚಿದಳು.

ತಂತಿ ಬೇಕೆಂದೇ ಹಾಗೆ ಬೆಸೆದದ್ದು ಎಂಬ ಚೀಟಿಯನ್ನು ಅದರ ಮೇಲೆ ಅಂಟಿಸಲಿಲ್ಲ. ಆ ಅಂಗಡಿಯಲ್ಲಿ ಅಂಥ ಪದ್ಧತಿಯೇ ಇಲ್ಲ. ‘ಗೊತ್ತಿರೋನಿಗೆ ಚೀಟಿ ಬೇಕಿಲ್ಲ, ಗೊತ್ತಿಲ್ಲದೋನು ಬಿಚ್ಚಬಾರದು’ ಎಂಬುದು ಮಾವನ ಶಾಸನ.

ಲಿಫ್ಟಿನ ಕೆಲಸದ ಶಾಸನ ಬೇರೆ. ಬೇರೆಯವರು ಮುಚ್ಚಿದ್ದನ್ನು ಒಮ್ಮೆ ಬಿಚ್ಚಿ ನೋಡದೆ ಸ್ವಿಚ್ ಹಾಕಬಾರದು. ಹತ್ತು ವರ್ಷ ಹಾಗೇ ಬದುಕಿದವನು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೈ ಸುಮ್ಮನಿರದೆ ಹಲಗೆ ಬಿಚ್ಚಿದ. ಕೆಂಪು ತಂತಿ ಕಪ್ಪು ಬದಿಗೆ!

ಅಯ್ಯೋ ಪಾಪ, ತಪ್ಪಿಬಿಟ್ಟಿದ್ದಾಳೆ... ಮಾವನಿಗೆ ಗೊತ್ತಾದ್ರೆ? ಆರು ವರ್ಷ ಕಾದ ಕೆಲಸ!

ಶುಕ್ರವಾರ ತಾನೇ ಕೇಳಿದ ಆ ಸ್ವರ ನೆನಪಾಗಬೇಕಿತ್ತು. ಆದರೆ ಪ್ರೀತಿ ಹುಟ್ಟಿದ ಹೊಸದರಲ್ಲಿ ಬುದ್ಧಿಗೆ ರಜೆ. ಅವನು ಪ್ರೀತಿಯಿಂದ, ಗುಟ್ಟಾಗಿ, ಅಚ್ಚುಕಟ್ಟಾಗಿ ತಂತಿ ಬದಲಿಸಿ ಬೆಸೆದು ಹಲಗೆ ಮುಚ್ಚಿದ.

ಮಧ್ಯಾಹ್ನ ಸಭಾಂಗಣದ ಮೂರನೇ ಸಾಲಿನಲ್ಲಿ ಅವಳು ಮಾವನ ಬಲಕ್ಕೆ ಕೂತಿದ್ದಳು. ಮೊದಲ ಸ್ವರ ಬಂತು.

ತೆಳ್ಳಗೆ. ತಗಡಿನ ಮೇಲೆ ಉಗುರು ಬಡಿದ ಹಾಗೆ.

ಇಲ್ಲ... ಇದು ಅದಲ್ಲ!

ಅವಳು ಕಿವಿ ಒರೆಸಿಕೊಂಡಳು, ಮುಂದಕ್ಕೆ ಬಾಗಿದಳು. ಎರಡನೇ ಹಾಡು, ಮೂರನೇ ಹಾಡು... ಮಂದ್ರದ ಸುಳಿವೇ ಇಲ್ಲ. ಹಾಗಾದರೆ ಶುಕ್ರವಾರ ತಾನು ಕೇಳಿದ್ದು ಏನು? ಸ್ಪೀಕರಿನ ದನಿಯಾ, ಅಥವಾ ಎದುರು ಕೂತು ನುಡಿಸುತ್ತಿದ್ದವನ ಮೇಲಿನ ಮೋಹವಾ?

ಕಾರ್ಯಕ್ರಮ ಮುಗಿದದ್ದೇ ಮಾವ ಮುಂದೆ ಮುಂದೆ ನಡೆದರು. ಮನೆಯ ಮೆಟ್ಟಿಲ ಹತ್ತಿರ ಮಾತ್ರ ನಿಂತರು.

“ಗೋಂದು, ನಿನ್ನ ಕೈಯಂಥ ಕೈ ನಾನು ನೋಡಿಲ್ಲ. ಆರಿಸೋದು... ಸ್ವಲ್ಪ ದಿನ ಇರಲಿ ಮಗಳೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ‘ಮಗಳೇ’ ಅಂದುಬಿಟ್ಟರಲ್ಲ!

ಮೂರು ದಿನ ಅವಳು ಅಂಗಡಿಯಲ್ಲಿ ಯಾವ ಸ್ಪೀಕರನ್ನೂ ನುಡಿಸಿ ಕೇಳಲಿಲ್ಲ. ಅಂಟಿಸಿದಳು, ಒಣಗಿಸಿದಳು, ಕಟ್ಟಿಟ್ಟಳು.

ಬುಧವಾರ ಅವನು ಬಂದ. ಹೆಗಲ ಮೇಲೆ ಅದೇ ಕ್ಯಾಬಿನೆಟ್, ಬೆನ್ನಿಗೆ ಗಿಟಾರ್.

“ವೇದಿಕೆ ಮೇಲೆ ಡ್ರಮ್ಮಿನ ಪಕ್ಕ ನನಗೇನೂ ಸರಿಯಾಗಿ ಕೇಳಿಸಲಿಲ್ಲ. ಕೇಳಿದವರು ಸದ್ದು ತೆಳ್ಳಗಿತ್ತು ಅಂದ್ರು. ಹಾಲ್ ಸರಿ ಇರಲಿಲ್ಲ ಅನ್ಸುತ್ತೆ,” ಎಂದ. “ನನಗಂತೂ ಇಷ್ಟ ಆಯ್ತು.”

“ಸುಳ್ಳು ಹೇಳ್ಬೇಡಿ.”

“ಅಲ್ಲ, ಅಂದ್ರೆ...”

“ನೀವು ಮೊದಲೇ ಸರಿಯಾಗಿ ಹೇಳಿದ್ರಿ. ಅದೇ ಕಂಪನಿ, ಅದೇ ಮಾಡೆಲ್. ಈಗಲೇ ಹಾಕಿಕೊಡ್ತೀನಿ. ತಗೊಂಡು ಹೋಗಿ. ಇನ್ನೊಂದು ಸಲ... ಈ ಕಡೆ ಬರಬೇಡಿ.”

ಅವನ ಮುಖ ಬಿಳಿಚಿತು. ಅವಳು ನೋಡಲಿಲ್ಲ. ಕಣ್ಣೀರು ಕೆನ್ನೆಗಿಳಿಯುವ ಮೊದಲು ಮುಗಿಸಬೇಕೆಂದು ಬೇಗ ಬೇಗ ಸ್ಕ್ರೂ ಬಿಚ್ಚಿ ಹಲಗೆ ಸರಿಸಿದಳು.

ಕೈ ನಿಂತಿತು.

ಕೆಂಪು ತಂತಿ ಕೆಂಪು ಬದಿಗೆ ಇತ್ತು. ಬೆಸುಗೆ ಬೇರೆ ಕೈಯದು. ನೀಟಾಗಿತ್ತು, ಅವಳದಾಗಿರಲಿಲ್ಲ.

“ಇದನ್ನ ಯಾರು ಮುಟ್ಟಿದ್ದು?”

ಅವನು ಕ್ಯಾಬಿನೆಟ್ಟಿನೊಳಗೆ ಬಗ್ಗಿ ನೋಡಿದ.

“ಕೇಳ್ತಿರೋದು ನಿಮ್ಮನ್ನೇ!”

“ನಾನು...” ಅವನು ನೆಲ ನೋಡಿದ. “ತಂತಿ ಅದಲುಬದಲಾಗಿತ್ತು. ನೀವು ಕೈತಪ್ಪಿ ಹಾಕಿದ್ದೀರಿ ಅಂದ್ಕೊಂಡೆ. ನಿಮ್ಮ ಮಾವನಿಗೆ ಗೊತ್ತಾಗದೇ ಇರಲಿ ಅಂತ...”

ಅವಳು ಡ್ರಾಯರಿನಿಂದ ಒಂದು ಸೆಲ್ ತೆಗೆದಳು, ಅವನ ಮಣಿಕಟ್ಟು ಹಿಡಿದೆಳೆದು ಬೆರಳ ತುದಿಯನ್ನು ಎಡಗಡೆಯ ಕೋನಿನ ಮೇಲಿಟ್ಟಳು. ಕೆಂಪಿಗೆ ಪ್ಲಸ್ ಮುಟ್ಟಿಸಿದಳು.

ಟಪ್. ಕೋನು ಅವನ ಬೆರಳನ್ನು ಮುಂದಕ್ಕೆ ತಳ್ಳಿತು.

ಬೆರಳನ್ನು ಬಲಗಡೆಯದಕ್ಕೆ ಇಟ್ಟಳು. ಕೆಂಪಿಗೆ ಪ್ಲಸ್.

ಟಪ್. ಕೋನು ಬೆರಳಿನಿಂದ ಹಿಂದೆ ಸರಿಯಿತು.

ಯಂತ್ರ ಬಲ್ಲವನಿಗೆ ವಿವರಿಸಬೇಕಾಗಿರಲಿಲ್ಲ. ಅವನು ಹಾಗೇ ಸ್ಟೂಲಿನ ಮೇಲೆ ಕುಸಿದ.

“ನಾನೇ... ನಾನೇ ಹಾಳುಮಾಡಿದೆ.”

“ಮೂರು ದಿನ!” ಅವಳ ದನಿ ಒಡೆಯಿತು. “ಮೂರು ದಿನ ನನ್ನ ಕಿವೀನ ನಾನೇ ನಂಬಿಲ್ಲ, ಗೊತ್ತಾ? ಒಂದು ಮಾತು ಕೇಳೋಕೆ ಏನಾಗಿತ್ತು? ‘ಯಾಕೆ ಹೀಗೆ ಹಾಕಿದೀರಿ’ ಅಂತ ಒಂದೇ ಒಂದು ಮಾತು!”

ಅವನು ಎದ್ದು ಒಳಕೋಣೆಯ ಬಾಗಿಲಿಗೆ ಹೋದ. ಮಾವನ ಬಲಗಡೆ ನಿಂತು, ಒಂದೊಂದು ಪದವನ್ನೂ ಬಿಡಿಸಿ ಹೇಳಿದ.

“ಭಾನುವಾರ ಕೆಟ್ಟದಾಗಿ ಕೇಳಿಸಿದ್ದು ಅವರ ಜೋಡಿಯಿಂದಲ್ಲ. ನಾನು ಬಿಚ್ಚಿ ತಂತಿ ಬದಲಿಸಿದ್ದೆ. ಅವರು ಮಾಡಿದ್ದು ಸರಿಯಾಗಿತ್ತು. ಈಗ ಒಂದ್ಸಲ ಕೇಳ್ತೀರಾ?”

ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಏನಪ್ಪಾ ಲಿಫ್ಟಪ್ಪ, ಮೇಲೆ ಹೋಗ್ತಿದ್ದವಳನ್ನ ಸೀದಾ ನೆಲಮಾಳಿಗೆಗೆ ಇಳಿಸಿಬಿಟ್ಯಲ್ಲೋ!”

ಬೆಸುಗೆ ಬಿಡಿಸಿ ಮತ್ತೆ ಬೆಸೆಯಲು ಅವಳಿಗೆ ಐದು ನಿಮಿಷ ಸಾಕಾಯಿತು. ಅವನು ದಪ್ಪ ತಂತಿ ಮೀಟಿ ಕಾದ. ಕಪಾಟಿನ ಗಾಜು ಮೆಲ್ಲಗೆ ನಡುಗಿತು. ಸ್ವರ ಕೋಣೆಯನ್ನು ತುಂಬಿ, ನಿಂತು, ಅವಸರವಿಲ್ಲದೆ ಹೊರಟುಹೋಯಿತು.

ಮಾವ ಅಂಗೈಯನ್ನು ಕಿವಿಯಿಂದ ಇಳಿಸಿ ಕ್ಯಾಬಿನೆಟ್ಟಿನ ಮೇಲಿಟ್ಟಿದ್ದರು.

“ನಾನಾಗಿದ್ರೆ ಇದನ್ನ ಹಾಕ್ತಿರಲಿಲ್ಲ,” ಎಂದರು. “ಅದೇ ಕಂಪನಿದೇ ಹಾಕ್ತಿದ್ದೆ. ಇಷ್ಟು ಚೆನ್ನಾಗಿ ಬರ್ತಿರಲಿಲ್ಲ.” ಸೋದರಸೊಸೆಯ ತಲೆ ಮುಟ್ಟಿ ಒಳಗೆ ಹೋದವರು ಅಲ್ಲಿಂದಲೇ ಕೂಗಿದರು. “ನಾಳೆ ಮೂರು ಪೆಟ್ಟಿಗೆ ಬರುತ್ತೆ. ಜೋಡಿ ನೀನೇ ನೋಡ್ಕೋ, ನನ್ನನ್ನ ಕೇಳ್ಬೇಡ!”

ಅವಳು ಅಳುತ್ತಲೇ ನಕ್ಕಳು.

ಅವನು ಗಿಟಾರ್ ಪಕ್ಕಕ್ಕಿಟ್ಟ. “ಕೆಲಸದಲ್ಲಿ ಯಾರ ತಪ್ಪು ಕಂಡ್ರೂ ಹತ್ತು ಮಹಡಿಗೆ ಕೇಳೋ ಹಾಗೆ ಕೂಗ್ತೀನಿ. ನಿಮ್ಮ ಮುಂದೆ ಬಾಯಿ ಬರಲಿಲ್ಲ. ನಿಮಗೆ ನೋವಾಗಬಾರದು ಅಂತ... ಅದಕ್ಕಿಂತ ದೊಡ್ಡ ನೋವು ಕೊಟ್ಟೆ.”

“ಚೀಟಿ ಅಂಟಿಸಬೇಕಿತ್ತು ನಾನೂ,” ಎಂದಳು ಅವಳು. “ಇನ್ಮೇಲೆ ಅಂಟಿಸ್ತೀನಿ. ಮಾವ ಏನಾದ್ರೂ ಅಂದ್ಕೊಳ್ಳಲಿ.”

“ನಿಮ್ಮನ್ನ ಇಷ್ಟಪಡ್ತೀನಿ,” ಅವನು ಒಂದೇ ಉಸಿರಿಗೆ ಹೇಳಿಬಿಟ್ಟ. “ಇದನ್ನೂ ಗುಟ್ಟಾಗಿ ಇಟ್ಕೊಂಡು ಹಾಳುಮಾಡೋಕೆ ಇಷ್ಟ ಇಲ್ಲ. ಬಾಯಿ ಬಿಟ್ಟು ಕೇಳ್ತಿದೀನಿ. ನಿಮಗೆ...?”

ಅವಳು ಬೆಸುಗೆಯ ಕಡ್ಡಿಯನ್ನು ಮೇಜಿನ ಮೇಲಿಟ್ಟಳು. ಹೊರಗೆ ಬಸ್ಸೊಂದು ನಿಂತು ಹೊರಟಿತು. ಅವನ ಊಟದ ಬಿಡುವು ಮುಗಿದು ಇಪ್ಪತ್ತು ನಿಮಿಷವಾಗಿತ್ತು.

“ಭಾನುವಾರ ಆ ತಗಡಿನ ಸದ್ದು ಕೇಳಿದಾಗ,” ಎಂದಳು ನಿಧಾನವಾಗಿ, “ನಿಮ್ಮ ಮೇಲಿನ ಇಷ್ಟದಿಂದ ನನ್ನ ಕಿವಿ ಕೆಟ್ಟಿತು ಅಂತ ಹೆದರಿದೆ. ಇವತ್ತು ಗೊತ್ತಾಯ್ತು... ಕಿವಿ ಸರಿಯಾಗೇ ಇದೆ.”

“ಮತ್ತೆ ಇಷ್ಟ?”

“ಅದೂ ಇದೆ.”

ಅವನು ಎದ್ದು ಕ್ಯಾಬಿನೆಟ್ ಹೆಗಲಿಗೇರಿಸಿ ಬಾಗಿಲ ತನಕ ಹೋದ. ಹಿಂತಿರುಗಿದ. ಗಿಟಾರ್ ಮರೆತಿದ್ದ. ತೆಗೆದುಕೊಂಡು ಮತ್ತೆ ಬಾಗಿಲಿಗೆ ಹೋಗಿ ನಿಂತ.

“ನಾಳೆ ಬರ್ಲಾ?”

“ಏನು ರಿಪೇರಿ ಇದೆ?”

ಅವನು ಸ್ವಲ್ಪ ಯೋಚಿಸಿದ. “ಏನೂ ಇಲ್ಲ.”

“ಹಾಗಾದ್ರೆ ಬಾ,” ಎಂದಳು ಅವಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.