ಮೂರನೇ ಎಲೆ

"ಡಾಕ್ಟ್ರೇ, ಇದಕ್ಕೇನಾಗಿದೆ ಸ್ವಲ್ಪ ನೋಡ್ತೀರಾ?"

ಅವರು ಊಟದ ಡಬ್ಬಿಯ ಮುಚ್ಚಳ ತೆಗೆದು ಕೌಂಟರ್ ಮೇಲಿಟ್ಟರು. ಒಳಗೆ ಒದ್ದೆ ಕರವಸ್ತ್ರದ ಮೇಲೆ ಡೇಲಿಯಾ ಎಲೆಯೊಂದು ಮಲಗಿತ್ತು. ಎಲೆ ತುಂಬ ಹಳದಿ ಉಂಗುರಗಳು, ಒಂದರೊಳಗೊಂದು.

"ನಾನು ಡಾಕ್ಟರ್ ಅಲ್ಲ. ಟೆಕ್ನೀಷಿಯನ್ ಅಷ್ಟೇ."

"ಇಲ್ಲಿ ಎಲೆ ನೋಡಿ ರೋಗ ಹೇಳೋದು ಯಾರು?"

"ನಾನೇ."

"ಮತ್ತೆ?" ಅಂದರು. ಎಡಗಡೆಯ ಹುಬ್ಬೊಂದೇ ಮೇಲೇರಿತು.

ನಾನು ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿದವಳು. ಹೂಗಿಡಗಳ ವೈರಸ್ ಪತ್ತೆ ಮಾಡುವ ಈ ಪುಟ್ಟ ಲ್ಯಾಬಿಗೆ ಬಂದು ಆರು ವರ್ಷವಾದರೂ ನನ್ನ ಉತ್ತರವನ್ನು ನಾನೇ ಒಂದೇ ಸಲಕ್ಕೆ ನಂಬುವುದಿಲ್ಲ. ಬಾಗಿಲಿಗೆ ಬೀಗ ಹಾಕಿ, ನಾಲ್ಕು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಎಳೆದು ನೋಡುವ ಜಾತಿ ನನ್ನದು. "ಹಾಕಿದೀಯ, ನಡಿ" ಅನ್ನಲು ಮನೆಯಲ್ಲಿ ಇನ್ನೊಬ್ಬರಿಲ್ಲ.

ಎಲೆಯ ಚೂರನ್ನು ದ್ರಾವಣದ ಚೀಲಕ್ಕೆ ಹಾಕಿ, ಪೆನ್ನಿನ ಹಿಂಭಾಗದಿಂದ ಅರೆದು, ಪರೀಕ್ಷೆಯ ಪಟ್ಟಿಯನ್ನು ಅದರಲ್ಲಿ ಅದ್ದಿದೆ. "ಒಂದು ಗೆರೆ ಬಂದರೆ ಗಿಡ ಚೆನ್ನಾಗಿದೆ ಅಂತ. ಎರಡು ಬಂದರೆ ವೈರಸ್."

"ಎರಡು ಗೆರೆ ಬಂದ್ರೆ ಕೆಲವರ ಮನೇಲಿ ಕುಣಿದಾಡ್ತಾರಲ್ಲ," ಅಂದುಬಿಟ್ಟರು. ಅಂದಮೇಲೆ ಅರ್ಥವಾಗಿ ಕಿವಿಯವರೆಗೂ ಕೆಂಪಾದರು. ನಾನು ಪಟ್ಟಿಯ ಮೇಲೆ ಇನ್ನಷ್ಟು ಬಗ್ಗಿ ನಗು ನುಂಗಿಕೊಂಡೆ. ತಲೆಯೆತ್ತಿದಾಗ ಅವರು ಕಿಟಕಿ ಕಡೆ ನೋಡುವವರ ಹಾಗೆ ನನ್ನನ್ನೇ ನೋಡುತ್ತಿದ್ದರು.

ಎರಡು ಗೆರೆ ಬಂತು.

"ಇದು ನುಸಿ ಹರಡೋ ವೈರಸ್. ಹೂವಿನ ಎಸಳಿನೊಳಗೆ ಕೂರುತ್ತಲ್ಲ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ಆ ನುಸಿ. ಮರಿಯಾಗಿದ್ದಾಗ ರೋಗದ ಗಿಡದ ರಸ ಹೀರಿದರೆ ಮುಗೀತು. ಸಾಯೋವರೆಗೂ ಹೊತ್ಕೊಂಡು ತಿರುಗುತ್ತೆ."

"ನಮ್ಮ ಸೋದರತ್ತೆ ಥರ. ಚಿಕ್ಕವಳಿದ್ದಾಗ ಯಾರೋ ಅಂದ ಒಂದು ಮಾತನ್ನ ಎಪ್ಪತ್ತು ವರ್ಷ ಹೊತ್ಕೊಂಡಿದ್ಲು." ಆಮೇಲೆ ದನಿ ತಗ್ಗಿಸಿದರು. "ಔಷಧಿ ಏನಿದೆ?"

"ಗಿಡಕ್ಕೆ ಔಷಧಿ ಇಲ್ಲ. ಗಡ್ಡೆ ಸಮೇತ ಕಿತ್ತು, ಚೀಲದಲ್ಲಿ ಕಟ್ಟಿ ಎಸೀಬೇಕು."

ಅವರು ಹೂವಿನಂಗಡಿಗಳಿಗೆ ಡೇಲಿಯಾ ಬೆಳೆದು ಕೊಡುವವರು. ರೋಗ ಬಂದಿದ್ದು ಮುಂದಿನ ಮಡಿಯಲ್ಲಿ. ಹಿಂದಿನ ಮಡಿಯಲ್ಲಿದ್ದವು ಹದಿನಾಲ್ಕು ಗಿಡ, ಕಪ್ಪೇ ಅನ್ನಿಸುವಷ್ಟು ಗಾಢ ಕೆಂಪಿನವು. ಅವರನ್ನು ಸಾಕಿದ ಆ ಅತ್ತೆ ಬೀಜದಿಂದ ಎಬ್ಬಿಸಿದ ತಳಿ, ಬೇರೆಲ್ಲೂ ಇಲ್ಲ. ಅತ್ತೆ ಹೋಗಿ ಒಂದು ವರ್ಷವಾಗಿತ್ತಂತೆ.

"ಆ ಮಡಿಗೆ ಬರದೇ ಇದ್ರೆ ಸಾಕು ಡಾಕ್ಟ್ರೇ. ಉಳಿದಿದ್ದು ಹೋದ್ರೆ ಹೋಗ್ಲಿ."

ರೋಗ ಕಂಡರೆ ಹೊಸ ಎಲೆಯಿಂದ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುವುದು ನಮ್ಮ ಲ್ಯಾಬಿನ ಪದ್ಧತಿ. "ಸೋಮವಾರ ಇನ್ನೊಂದೆಲೆ ತನ್ನಿ. ಅಲ್ಲಿವರೆಗೆ ಏನೂ ಕೀಳಬೇಡಿ" ಅಂದೆ. ಆವರೆಗೆ ನಾನು ತಪ್ಪು ಮಾಡಿರಲಿಲ್ಲ.

ಸೋಮವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಉಗುರಿನ ಸಂದಿಯ ಮಣ್ಣು ಮಾತ್ರ ಹೋಗಿರಲಿಲ್ಲ. ಪಟ್ಟಿ ಅದ್ದಿ ಕಾಯುವ ಹತ್ತು ನಿಮಿಷದಲ್ಲಿ ನಾವು ಏನೇನೋ ಮಾತಾಡಿದೆವು. ಅನ್ನ ಉಳಿಯದ ಹಾಗೆ ಒಬ್ಬರಿಗೆ ಅಡುಗೆ ಮಾಡುವುದು ಎಷ್ಟು ಕಷ್ಟ ಅಂತ. ರೇಡಿಯೋ ಹಾಕಿಟ್ಟರೆ ಮನೆಯಲ್ಲಿ ಜನ ಇದ್ದ ಹಾಗಿರುತ್ತದೆ ಅಂತ. "ನೀವೂ ಹಾಗೇನಾ?" ಅಂದರು, ತುಂಬಾ ಮೆಲ್ಲಗೆ. ನಾನು ತಲೆಯಾಡಿಸಿದೆ.

ಎರಡನೇ ಗೆರೆ ಕಾಡಿಗೆಯಲ್ಲಿ ಎಳೆದ ಹಾಗೆ ಸ್ಪಷ್ಟವಾಗಿ ಮೂಡಿತ್ತು. ಅಷ್ಟರಲ್ಲಿ ಅವರು ಪಟ್ಟಿಯ ಕಡೆ ನೋಡದೆಯೇ ಡಬ್ಬಿ ಮುಚ್ಚಿ ಎದ್ದು ನಿಂತರು. ವರದಿ ಕೈಗೆ ಕೊಟ್ಟರೆ ಮತ್ತೆ ಬರಲು ಅವರಿಗೆ ಕೆಲಸವೇನಿದೆ? ಕುರ್ಚಿ ಖಾಲಿಯಾಗುವುದು ಕಣ್ಣೆದುರು ಬಂತು.

"ಗೆರೆ ಸ್ವಲ್ಪ ಮಸುಕಾಗಿದೆ," ಅಂದಿತು ನನ್ನ ಬಾಯಿ. "ಮುಂದಿನ ಸೋಮವಾರ ಇನ್ನೊಂದೆಲೆ ತಂದುಬಿಡಿ."

"ಕೀಳೋದು?"

"ಆಮೇಲೆ."

ಆ ವಾರವಿಡೀ ಫೋನ್ ಮಾಡಬೇಕೆಂದುಕೊಂಡೆ. ನಂಬರು ಒತ್ತುವುದು, ಅಳಿಸುವುದು. ಅಕ್ಕ ಊರಿಂದ ಫೋನ್ ಮಾಡಿ, "ಏನೇ, ದನಿ ಹೀಗಿದೆ? ಯಾರಾದ್ರೂ ಸಿಕ್ಕಿದ್ರಾ?" ಅಂತ ಕೆಣಕಿದಳು. "ಗಿಡ ಸಿಕ್ತು" ಅಂದೆ. "ನಿನ್ನ ಹಣೇಲಿ ಅಷ್ಟೇ ಬರೆದಿರೋದು" ಅಂತ ನಕ್ಕಳು.

ಸೋಮವಾರ ಡಬ್ಬಿ ತೆರೆದರೆ ಒಳಗಿದ್ದ ಎಲೆಯ ದಂಟು ಕಪ್ಪಗಿತ್ತು. ಹಿಂದಿನ ಮಡಿಯದು, ಅತ್ತೆಯ ತಳಿ. ಅದರ ಮೇಲೆ ಒಂದೇ ಒಂದು ಉಂಗುರ, ಆಗಷ್ಟೇ ಮೂಡುತ್ತಿತ್ತು.

ಪಟ್ಟಿ ಅದ್ದಿದೆ. ಎರಡು ಗೆರೆ. ಈಗಲೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

"ಹೋದ ವಾರ ಗೆರೆ ಮಸುಕಾಗಿರಲಿಲ್ಲ," ಅಂದೆ. "ಅವತ್ತೇ ಕೀಳಿ ಅನ್ನಬೇಕಿತ್ತು. ನೀವು ಇನ್ನೊಂದು ಸಲ ಬರಲಿ ಅಂತ ಸುಳ್ಳು ಹೇಳಿದೆ."

ಅವರು ಕರವಸ್ತ್ರ ಮಡಿಚಿದರು. "ಬರ್ತೀನಿ ಮೇಡಂ," ಅಂದು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಮೇಡಂ' ತಡೆಯಲಾಗಲಿಲ್ಲ.

ನಮ್ಮ ಮುಖ್ಯಸ್ಥೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದಿಟ್ಟರು. "ಉಂಗುರ ಕಾಣೋಕೆ ಎರಡು ಮೂರು ವಾರ ಹಿಡಿಯುತ್ತೆ. ನೀನು ಸುಳ್ಳು ಹೇಳೋಕೆ ಮುಂಚೆಯೇ ಆ ಗಿಡಕ್ಕೆ ತಗುಲಿರಬಹುದು. ಉಳಿದವಕ್ಕೆ ಆ ವಾರದಲ್ಲೇ ಹರಡಿರಲೂಬಹುದು. ಅದನ್ನ ಯಾವ ಪಟ್ಟಿಯೂ ಹೇಳಲ್ಲ. ಎಚ್ಚರಿಕೆ ಪತ್ರ ಆಮೇಲೆ ಕೊಡ್ತೀನಿ. ಮೊದಲು ಪಟ್ಟಿ ತಗೊಂಡು ಹೋಗಿ ಹದಿನಾಲ್ಕನ್ನೂ ನೋಡಿ ಬಾ."

ಮರುದಿನ ಬೆಳಿಗ್ಗೆ ಡೇಲಿಯಾ ತೋಟಕ್ಕೆ ಹೋದೆ. ಬೇಲಿಯ ಹತ್ತಿರ ನನ್ನನ್ನು ಕಂಡು ಅವರು ಗೇಟು ತೆಗೆದರು. ಮುಂದಿನ ಮಡಿ ಆಗಲೇ ಬರಿ ಮಣ್ಣಾಗಿತ್ತು. ನಾನು ಮಂಡಿಯೂರಿ ಒಂದೊಂದೇ ಗಿಡದ ಎಲೆ ಅರೆದೆ. ಎರಡು ಗೆರೆ ಬಂದಾಗಲೆಲ್ಲ ತಲೆಯಾಡಿಸುತ್ತಿದ್ದೆ. ಅವರು ಗುದ್ದಲಿ ಹಾಕಿ, ಗಡ್ಡೆ ಎತ್ತಿ, ಒಂದು ಕ್ಷಣ ಅಂಗೈಯಲ್ಲಿ ಹಿಡಿದು, ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಿದ್ದರು. ಹೀಗೆ ಒಂಬತ್ತು ಸಲ.

ಒಂಬತ್ತನೆಯದಾದ ಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದರು. "ನೋಡಬೇಕು ಅನ್ನಿಸಿದ್ರೆ ಬನ್ನಿ ಅಂದಿದ್ರೆ ಬರ್ತಿದ್ನಲ್ಲ ರೀ. ಎಲೆ ಯಾಕೆ ಬೇಕಿತ್ತು?"

"ಬರಲ್ಲ ಅಂದ್ಬಿಟ್ರೆ ಅಂತ ಹೆದರಿಕೆ."

"ಅಂಗಿ ಇಸ್ತ್ರಿ ಮಾಡ್ಕೊಂಡು ಬಂದಿದ್ದು ಯಾರಿಗೆ, ಆ ಎಲೆಗಾ?"

ನನಗೆ ಅಳು ಬಂತು. ಕೈತುಂಬ ಎಲೆಯ ರಸ, ಒರೆಸಿಕೊಳ್ಳಲೂ ಆಗಲಿಲ್ಲ. ಅವರು ತಿರುಗಿ ನೋಡಿ, ತಮ್ಮ ತೋಳಿನ ಬಟ್ಟೆಯಿಂದ ನನ್ನ ಕೆನ್ನೆ ಒತ್ತಿದರು. "ಸಿಟ್ಟು ಹೋಗಿಲ್ಲ," ಅಂದರು. "ಒರೆಸ್ತಿದೀನಿ ಅಷ್ಟೇ."

ಐದು ಗಿಡ ಉಳಿದವು. "ಇವನ್ನ ಇಲ್ಲಿ ಬಿಡೋ ಹಾಗಿಲ್ಲ, ಕುಂಡಕ್ಕೆ ಎತ್ತಿ ಬೇರೆ ಕಡೆ ಇಡಬೇಕು. ಮೂರು ವಾರ ನೋಡಬೇಕು. ಹೂವಲ್ಲಿ ನುಸಿ ಅಡಗಿರುತ್ತೆ, ಅರಳಿದ್ದು, ಮೊಗ್ಗು ಎಲ್ಲಾ ಕತ್ತರಿಸಬೇಕು."

"ಒಂದು ಹೂ ಕೊಡೋಣ ಅಂದ್ರೆ ಅದನ್ನೂ ಚೀಲಕ್ಕೆ ಹಾಕಿಸ್ತೀರಲ್ಲ, ಎಂಥಾ ಡಾಕ್ಟ್ರು ನೀವು." ಕತ್ತರಿ ಮಾತ್ರ ಆಡುತ್ತಲೇ ಇತ್ತು. ಕಪ್ಪುಗೆಂಪು ಹೂಗಳು ಒಂದೊಂದಾಗಿ ಚೀಲ ಸೇರಿದವು. "ಎಲ್ಲಿಡೋದು ಇವನ್ನ?"

"ಬಿಸಿಲಿರಬೇಕು. ಹತ್ತಿರದಲ್ಲಿ ಬೇರೆ ಯಾವ ಗಿಡವೂ ಇರಬಾರದು."

"ಒಂದೂ ಗಿಡ ಇಲ್ಲದ ಮನೆ ಯಾರದಿರುತ್ತೆ?"

ಹೇಳಲು ನಾಚಿಕೆಯಾಯಿತು. "ನಂದು."

ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಮಂಚ, ಒಲೆ, ಒಂದು ಕುರ್ಚಿ. ಲ್ಯಾಬಿನಿಂದ ರೋಗ ತಂದುಬಿಟ್ಟೇನು ಅಂತ ಇಷ್ಟು ವರ್ಷ ತುಳಸಿಯನ್ನೂ ಇಟ್ಟಿರಲಿಲ್ಲ. ಅವರು ಮೂರು ಸಲ ಮೆಟ್ಟಿಲು ಹತ್ತಿಳಿದು ಐದು ಕುಂಡಗಳನ್ನು ಕಿಟಕಿಯ ಕೆಳಗೆ ಸಾಲಾಗಿಟ್ಟರು. ಹೂವಿಲ್ಲದ ಗಿಡಗಳು, ಈಗಷ್ಟೇ ತಲೆ ಬೋಳಿಸಿಕೊಂಡವರ ಹಾಗೆ.

"ಲ್ಯಾಬಿಂದ ನನ್ನ ಬಟ್ಟೆಯಲ್ಲಿ ನುಸಿ ಬಂದ್ರೆ?" ಅಂದೆ.

"ಬಾಗಿಲಲ್ಲೇ ಜಾಡಿಸ್ಕೊಂಡು ಒಳಗೆ ಬನ್ನಿ."

"ನೀರು ಜಾಸ್ತಿಯಾದ್ರೆ? ಇವೂ ಹೋದ್ರೆ?"

"ಹೋದ್ರೆ ಇಬ್ರೂ ಸೇರಿ ಅಳೋಣ." ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟಿಕೊಂಡರು. "ಮುಂದಿನ ಸೋಮವಾರ ಬಂದು ನೋಡ್ಲಾ?"

ಸೋಮವಾರಕ್ಕೆ ಆರು ದಿನವಿತ್ತು.

"ನಾಳೆ ಬನ್ನಿ," ಅಂದೆ. ಕಾರಣ ಏನೂ ಸೇರಿಸಲಿಲ್ಲ.